ಅಂಬಿಗನ ಹೆಸರಿಗೊಂದು ಪದ

"ಗುರುಗಳೇ, ಅಜ್ಞಾನದಿಂದ ಕೇಡಾಗುವುದನ್ನು ಕಂಡಿದ್ದೇನೆ. ವಿದ್ಯೆಯಿಂದ ಕೇಡಾದದ್ದನ್ನು ಎಲ್ಲಿಯೂ ಕಾಣೆ. ಹಾಗಿರುವಾಗ ಕಲಿತವರನ್ನೇ ನೀವು ಹೆಚ್ಚು ಗದರಿಸುವುದೇಕೆ?" ಎಂದು ಶಿಷ್ಯ ಕೇಳಿದ. ಅವನು ಇಂಗ್ಲಿಷ್ ಶಾಲೆಯಲ್ಲಿ ಓದಿ ಬಂದವನು. ತನ್ನ ಓದಿನ ಮೇಲೆ ಅವನಿಗೆ ಭರವಸೆಯಿತ್ತು.

ಗುರುಗಳು ಹೇಳಿದರು:

ಹೊಳೆಯ ದಂಡೆಯ ಒಂದು ಊರಿನಲ್ಲಿ ಅರ್ಜಿ ಬರೆಯುವವನೊಬ್ಬನಿದ್ದ. ಅದು ಪರದೇಶದ ದೊರೆಗಳು ಆಳುತ್ತಿದ್ದ ಕಾಲ. ಜಿಲ್ಲೆಯ ದೊರೆ ವರ್ಷಕ್ಕೆ ಎರಡು ಸಲ ಆ ಊರಿಗೆ ಬಂದು ತೋಪಿನಲ್ಲಿ ಡೇರೆ ಹಾಕುತ್ತಿದ್ದ. ಇಂಗ್ಲಿಷಿನಲ್ಲಿ ಬರೆದ ಅರ್ಜಿಯಾದರೆ ತಾನೇ ಓದಿ ಅಲ್ಲೇ ತೀರ್ಮಾನ ಕೊಡುತ್ತಿದ್ದ. ಬೇರೆ ಭಾಷೆಯದಾದರೆ ಅದು ಕಚೇರಿಯ ಕಾಗದದ ಕಟ್ಟಿಗೆ ಸೇರಿ ವರ್ಷಗಟ್ಟಲೆ ಅಲ್ಲೇ ಮಲಗುತ್ತಿತ್ತು. ಊರಿನಲ್ಲಿ ಇಂಗ್ಲಿಷ್ ಬಲ್ಲವನು ಇವನೊಬ್ಬನೇ.

ಇವನು ಕಲಿತ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಮೇಷ್ಟ್ರು ಹಲಗೆಯ ಮೇಲೆ ಮೂರೋ ನಾಲ್ಕೋ ಇಂಗ್ಲಿಷ್ ಅಕ್ಷರ ಬರೆಯುತ್ತಿದ್ದರು. ಅವೆಲ್ಲವೂ ಒಳಗಿರುವಂಥ ಪದವೊಂದನ್ನು ಮಕ್ಕಳು ಹುಡುಕಬೇಕು. ಯಾರ ಪದ ಎಲ್ಲಕ್ಕಿಂತ ಉದ್ದವೋ ಅವನಿಗೆ ಮುಂದಿನ ಬೆಂಚು. ಇವನು ಏಳು ವರ್ಷ ಮುಂದಿನ ಬೆಂಚಿನಿಂದ ಎದ್ದವನಲ್ಲ.

ಆ ಅಭ್ಯಾಸ ಅರ್ಜಿಗೂ ಬಂತು. ಅರ್ಜಿ ಯಾರ ಸಲುವಾಗಿಯೋ ಅವರ ಹೆಸರಿನ ಅಕ್ಷರಗಳನ್ನು ತೆಗೆದುಕೊಳ್ಳುವನು. ಅವೆಲ್ಲ ಬರುವ ಉದ್ದನೆಯ ಪದವೊಂದನ್ನು ಹುಡುಕಿ ಮೊದಲ ಸಾಲಿನಲ್ಲಿ ಕೂಡಿಸುವನು. ಮೊದಲ ಬಾರಿ ಹಾಗೆ ಬರೆದದ್ದು ಒಬ್ಬ ಗಾಣಿಗನಿಗೆ. ಗಾಣಿಗ ಗೆದ್ದ. ನ್ಯಾಯ ಅವನ ಕಡೆಗಿತ್ತು, ಗೆದ್ದ. ಊರವರು ಮಾತ್ರ ಪದದಿಂದ ಗೆದ್ದ ಎಂದರು. ಅರ್ಜಿ ಬರೆಯುವವನು ಅಲ್ಲವೆನ್ನಲಿಲ್ಲ.

ಅಂದಿನಿಂದ ಅದು ವಾಡಿಕೆಯಾಯಿತು. "ನಿನ್ನದು ಎಷ್ಟು ಅಕ್ಷರದ್ದೋ?" ಎಂದು ಜನ ಕಟ್ಟೆಯ ಮೇಲೆ ಕೂತು ಕೇಳಿಕೊಳ್ಳುವರು. ಹದಿನಾಲ್ಕು ಅಕ್ಷರ ಸಿಕ್ಕವನು ಹನ್ನೊಂದು ಸಿಕ್ಕವನನ್ನು ಕನಿಕರದಿಂದ ನೋಡುವನು. ಇಬ್ಬರಿಗೂ ಓದು ಬಾರದು.

ಒಂದು ವರ್ಷ ಆ ಊರಿನ ಅಂಬಿಗ ಫಕೀರಪ್ಪನನ್ನು ಹಿಡಿದರು. ಅವನ ದೋಣಿ ಮಗುಚಿ ಸರಕಾರದ ಒಬ್ಬ ನೌಕರ ಸತ್ತಿದ್ದ. ಏಳು ವರ್ಷ ಕಡಲಾಚೆಯ ಸೆರೆ ಎಂದು ಆಜ್ಞೆಯಾಯಿತು. ನಿಜವೆಂದರೆ ಆ ದಿನ ಫಕೀರಪ್ಪ ಊರಿನಲ್ಲಿಯೇ ಇರಲಿಲ್ಲ. ಎರಡು ಹರದಾರಿ ಆಚೆಯ ಹಳ್ಳಿಯಲ್ಲಿ ತಂಗಿಯ ಮದುವೆ ಮಾಡುತ್ತಿದ್ದ. ದೋಣಿಯನ್ನು ಕೇಳದೆ ಬಿಚ್ಚಿಕೊಂಡು ಹೋದವರು ಆ ನೌಕರನ ಕಡೆಯವರೇ.

ದೊರೆಯ ಡೇರೆ ಅಂದು ಸಂಜೆ ಏಳುವುದಿತ್ತು. ಕೈದಿಯನ್ನೂ ಜೊತೆಗೆ ಒಯ್ಯುವವರಿದ್ದರು. ಬೆಳಿಗ್ಗೆಯೇ ಅಂಬಿಗನ ಹೆಂಡತಿ ಅರ್ಜಿ ಬರೆಯುವವನ ಬಳಿಗೆ ಬಂದಳು. ಅವಳ ಕೈಯಲ್ಲಿ ಮದುವೆಯ ಹಳ್ಳಿಯ ಪಟೇಲ ರುಜು ಹಾಕಿಕೊಟ್ಟ ಕಾಗದವಿತ್ತು.

"ಯಪ್ಪಾ, ನನ್ನ ಗಂಡ ಅವತ್ತು ಹೊಳೆಯ ಕಡೆಗೇ ಬಂದಿಲ್ಲ. ಅಷ್ಟು ಬರೆದುಕೊಡ್ರಿ" ಎಂದಳು.

ಅವನು ಬರೆದ. ನಾಲ್ಕೇ ವಾಕ್ಯ. ಒಂದನ್ನೂ ತಳ್ಳಿಹಾಕುವಂತಿರಲಿಲ್ಲ. ಮೊದಲ ಸಾಲಿನಲ್ಲಿ ಒಂದು ಪದದಷ್ಟು ಜಾಗ ಖಾಲಿ ಬಿಟ್ಟಿದ್ದ.

ಫಕೀರಪ್ಪ ಎಂದು ಇಂಗ್ಲಿಷಿನಲ್ಲಿ ಬರೆದರೆ ಎಫ್, ಕೆ, ಆರ್, ಪಿ ಬರುತ್ತವೆ. ಸ್ವರಗಳನ್ನು ಅವನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮಿಂಚುಳ್ಳಿ ಹಕ್ಕಿಯ ಹೆಸರು, ಕಿಂಗ್‌ಫಿಷರ್ ಎಂಬುದು ನೆನಪಾಯಿತು. ಅದರಲ್ಲಿ ಪಿ ಇಲ್ಲ. ಅಂಗಡಿಯವನಿಗೆ ಹೇಳುವ ಪದ, ಶಾಪ್‌ಕೀಪರ್ ಎಂಬುದು ಹೊಳೆಯಿತು. ಅದರಲ್ಲಿ ಎಫ್ ಇಲ್ಲ. ಎಲ್ಲ ಪದವೂ ಒಂದಕ್ಷರಕ್ಕೆ ಸೋಲುತ್ತಿತ್ತು. ಅವನು ನಿಘಂಟು ತೆರೆದ.

ಮಧ್ಯಾಹ್ನವಾಯಿತು. ಹೆಂಗಸು ಎದ್ದು ಬಂದು ಕಾಗದಕ್ಕೆ ಕೈ ಚಾಚಿದಳು. ಆಗ ಪಕ್ಕದಲ್ಲಿ ತನ್ನ ಸರದಿಗೆ ಕಾದಿದ್ದ ವ್ಯಾಪಾರಿಯೊಬ್ಬ ನಕ್ಕ.

"ಅಂಬಿಗರ ಹೆಸರಿಗೆ ಎಲ್ಲಿಯ ದೊಡ್ಡ ಪದ, ರಾಯರೇ? ಯಾವುದಾದರೂ ಗಿಡ್ಡದೊಂದು ತುರುಕಿ ಕಳಿಸಿಬಿಡಿ. ನನ್ನ ಹೆಸರು ನೋಡಿ, ಕೂತಲ್ಲೇ ಹದಿನಾರಕ್ಕೆ ಏರುತ್ತದೆ."

ಹೆಂಗಸು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. "ಊರಿಗೆಲ್ಲ ಹಾಕಿದ್ದನ್ನು ನನ್ನ ಗಂಡನಿಗೂ ಹಾಕ್ರಿ. ಅದಿಲ್ಲದ ಕಾಗದವನ್ನು ದೊರೆ ಮುಟ್ಟಿಯಾನೇ?" ಎಂದಳು.

ದೊರೆ ಆ ಪದಗಳ ಬಗ್ಗೆ ಒಮ್ಮೆಯೂ ಕೇಳಿದವನಲ್ಲ. ಅರ್ಜಿ ಬರೆಯುವವನಿಗೆ ಅದು ಗೊತ್ತಿತ್ತು. "ಪದ ಬೇಡ, ಹೀಗೆಯೇ ಒಯ್ಯಿ ತಾಯಿ" ಎಂದಿದ್ದರೆ ಸಾಕಿತ್ತು. ಆದರೆ ಹಾಗೆಂದರೆ ಊರಿನವರ ಹನ್ನೊಂದು, ಹದಿನಾಲ್ಕು, ಹದಿನಾರು ಎಲ್ಲವೂ ಬರಿಯ ಮಸಿಯಾಗುತ್ತಿತ್ತು. ಅದೂ ವ್ಯಾಪಾರಿಯ ಎದುರಿನಲ್ಲಿ.

"ಕೂತುಕೊಳ್ಳಮ್ಮ. ಸಿಗದೆ ಎಲ್ಲಿಗೆ ಹೋದೀತು?" ಎಂದ.

ಅವಳು ಕೂತಳು. ಅವನು ಹಾಳೆ ತಿರುವಿದ. ಬರಬರುತ್ತ ಹೆಂಗಸೂ ವ್ಯಾಪಾರಿಯೂ ಅವನ ಕಣ್ಣಿಗೆ ಕಾಣದಾದರು. ನಾಲ್ಕು ಅಕ್ಷರಗಳು ಮಾತ್ರ ಉಳಿದವು. ಶಾಲೆಯ ಬೆಂಚಿನ ಮೇಲೆ ಇದ್ದ ಸುಖವೇ ಅದು. ಅಂಥ ಸುಖ ಅವನಿಗೆ ಬಹಳ ವರ್ಷಗಳಿಂದ ಸಿಕ್ಕಿರಲಿಲ್ಲ.

ತೋಪಿನ ಕಡೆಯಿಂದ ಎತ್ತುಗಳ ಗಂಟೆ ಕೇಳಿಸಿತು.

"ಯಪ್ಪಾ, ಬಂಡಿ ಹೂಡುತ್ತಿದ್ದಾರೆ" ಎಂದಳು.

ಅವನು ತಲೆಯೆತ್ತದೆ, ಸುಮ್ಮನಿರು ಎಂಬಂತೆ ಕೈ ಮಾಡಿದ.

ಕೊನೆಗೆ ಸಿಕ್ಕಿತು. ಹದಿಮೂರು ಅಕ್ಷರ. ನಾಲ್ಕೂ ಒಳಗಿದ್ದವು, ಒಂದೂ ತಪ್ಪಿರಲಿಲ್ಲ. ಖಾಲಿ ಜಾಗದಲ್ಲಿ ಅದನ್ನು ದುಂಡಾಗಿ ಬರೆದ. ಶಾಯಿ ಕದಡಬಾರದೆಂದು ಊದಿ ಆರಿಸಿದ. ವ್ಯಾಪಾರಿ ಎಣಿಸಿ ನೋಡಿ, "ಭಲೇ" ಎಂದ.

ಹೆಂಗಸು ಕಾಗದ ಹಿಡಿದು ಓಡಿದಳು. ತೋಪಿನಲ್ಲಿ ಡೇರೆಯ ಗೂಟ ಕಿತ್ತ ಕುಳಿಗಳಿದ್ದವು. ಒಲೆಯ ಬೂದಿ ಇನ್ನೂ ಬಿಸಿಯಿತ್ತು. ಆಚೆ ದಂಡೆಯ ದಾರಿಯಲ್ಲಿ ಬಂಡಿಗಳ ಧೂಳು ಕಾಣುತ್ತಿತ್ತು. ಅವನ್ನು ದಾಟಿಸಿದ ಸರಕಾರದ ದೋಣಿಗಳು ಆಚೆಯೇ ಉಳಿದಿದ್ದವು, ಈಚೆ ಹೊಳೆ ದಾಟಿಸಲು ಅಂಬಿಗನಿರಲಿಲ್ಲ. ಅವಳು ಕಾಗದವನ್ನು ಮೇಲೆತ್ತಿ ಹಿಡಿದು ಕೂಗಿದಳು. ಕೂಗು ಆಚೆ ದಂಡೆಗೆ ಮುಟ್ಟಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಸಂಕೋಚದಿಂದ ಕೇಳಿದ: "ಗುರುಗಳೇ, ನೀವು ಹೇಳುತ್ತಿರುವಾಗ ನಾನೂ ಮನಸ್ಸಿನಲ್ಲೇ ಹುಡುಕಿ ನೋಡಿದೆ. ಮೂರು ಅಕ್ಷರ ಕೂಡುತ್ತವೆ, ನಾಲ್ಕನೆಯದು ಜಾರಿಹೋಗುತ್ತದೆ. ಅವನಿಗೆ ಸಿಕ್ಕ ಪದ ಯಾವುದು?"

ಗುರುಗಳು ಹೇಳಿದರು: "ಅಂಬಿಗ ಏನಾದನೆಂದು ನೀನು ಕೇಳಲಿಲ್ಲ."