ಎರಡು ಡಿಸ್ಕು, ಒಂದು ಹಿಡಿ ಮಣ್ಣು

"ಬುದ್ಧಿ, ಯಾವ ಕಾರ್ಡು ಕೊಳ್ಳಲಿ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಹಾಲಪ್ಪ. ಗುರುಗಳು ಆಡಿದ ಮಾತನ್ನೆಲ್ಲ ಮಠದ ಕಂಪ್ಯೂಟರಿನಲ್ಲಿ ಬರೆದಿಡುವುದು ಅವನ ಕೆಲಸ. ಕಂಪ್ಯೂಟರು ಯಾರೋ ಭಕ್ತರು ಕೊಟ್ಟದ್ದು. ಅದನ್ನು ಒಳಗಿಂದ ನಡೆಸುವ ಲಿನಕ್ಸು ತಂತ್ರಾಂಶ ಬಿಟ್ಟಿ ಸಿಕ್ಕಿದ್ದು. ಬಿಟ್ಟಿ ಸಿಕ್ಕಿತೆಂದು ಹಗುರಾಗಿ ನೋಡಬೇಡಿ. ಹತ್ತು ದೇಶದ ಜನ ಕೈಜೋಡಿಸಿ ಕಟ್ಟಿದ್ದಂತೆ ಅದು, ಒಳಗೇನಿದೆ ಎಂದು ಯಾರು ಬೇಕಾದರೂ ತೆಗೆದು ಓದಬಹುದಂತೆ. ಈಗ ಹಾಲಪ್ಪನಿಗೆ ಒಂದು ರೇಡ್ ಕಾರ್ಡು ಬೇಕಾಗಿತ್ತು. ಒಂದೇ ಬರಹವನ್ನು ಎರಡು ಡಿಸ್ಕಿಗೂ ಒಟ್ಟೊಟ್ಟಿಗೆ ಬರೆಸುವ ಕಾರ್ಡು ಅದು. ಒಂದು ಡಿಸ್ಕು ಸತ್ತರೂ ಇನ್ನೊಂದು ಉಳಿದಿರಲಿ ಎಂದು.

"ಒಳ್ಳೆಯದಕ್ಕೆ ಬೆಲೆ ಬಹಳ ಬುದ್ಧಿ. ಅಗ್ಗದ್ದು ಒಂದಿದೆ. ಅದು ಸಾಕೋ ಸಾಲದೋ, ತಾವೇ ಹೇಳಬೇಕು."

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಎರಡು ರೈಲು ದಾರಿ ಕೂಡುವ ಒಂದು ಊರು. ರೈಲಿಗೆ ಸಿಕ್ಕವರು, ಪ್ಲಾಟ್‌ಫಾರ್ಮಿನಲ್ಲಿ ಮಲಗಿ ಏಳದವರು, ಹೆಸರು ಹೇಳದೆ ಕಣ್ಣುಮುಚ್ಚಿದವರು, ಇಂಥವರು ಅಲ್ಲಿ ವರ್ಷಕ್ಕೆ ಇಪ್ಪತ್ತೋ ಮೂವತ್ತೋ. ಕೇಳುವವರಿಲ್ಲದ ಆ ಹೆಣಗಳನ್ನು ಹೂಳಲು ಒಬ್ಬನಿದ್ದ.

ಹೂಳುವವನು ಒಳ್ಳೆಯವನು. ಮಣ್ಣು ಎಳೆಯುವ ಮೊದಲು ಒದ್ದೆ ಬಟ್ಟೆಯಲ್ಲಿ ಮುಖ ಒರೆಸುತ್ತಿದ್ದ. ತಲೆ ಬಾಚುತ್ತಿದ್ದ. "ಹೆತ್ತವಳು ನೋಡೋ ಮುಖ, ಹಾಗೇ ಕಳಿಸಬಾರದು" ಎನ್ನುತ್ತಿದ್ದ. ಆಮೇಲೆ ಫೋಟೊ ತೆಗೆಯುತ್ತಿದ್ದ. ಮುಖದ್ದೊಂದು, ಹಚ್ಚೆ ಇದ್ದರೆ ಹಚ್ಚೆಯದೊಂದು, ಹರಿದ ಅಂಗಿಗೆ ಯಾರಾದರೂ ಕೈಹೊಲಿಗೆ ಹಾಕಿದ್ದರೆ ಅದರದ್ದೊಂದು. ಹೊಲಿಗೆ ನೋಡಿ ಗಂಡನ ಗುರುತು ಹಿಡಿದ ಹೆಂಗಸರಿದ್ದರು.

ಹೂಳುವ ಹೊಲದ ತುಂಬ ನಂಬರು ಕೊರೆದ ಕಲ್ಲುಗಳನ್ನು ಮೊದಲೇ ನೆಟ್ಟಿದ್ದರು. ಮಣ್ಣು ಎಲ್ಲಿ ಮೆತ್ತಗಿತ್ತೋ ಅಲ್ಲಿ ಅವನು ಅಗೆಯುತ್ತಿದ್ದ. ಹೀಗಾಗಿ ಇಂದು ಸತ್ತವನು ಹನ್ನೆರಡನೆಯ ಕಲ್ಲಿನ ಬುಡಕ್ಕೆ ಹೋದರೆ ನಾಳೆ ಸತ್ತವನು ಇನ್ನೂರನೆಯದಕ್ಕೆ ಹೋಗುತ್ತಿದ್ದ. ಪೊಲೀಸರ ಕಡತದಲ್ಲಿ ಮುಖ ಇರುತ್ತಿತ್ತು, ಕಲ್ಲು ಇರುತ್ತಿರಲಿಲ್ಲ. ಯಾವ ಕಲ್ಲಿನ ಕೆಳಗೆ ಯಾವ ಮುಖ ಎನ್ನುವುದು ಇವನೊಬ್ಬನ ಹತ್ತಿರ ಇತ್ತು.

ಆ ಕಡೆ ಒಂದು ವಾಡಿಕೆ. ಪರವೂರಿನಲ್ಲಿ ಸತ್ತವನ ಗುಂಡಿಯಿಂದ ಒಂದು ಹಿಡಿ ಮಣ್ಣು ತಂದು ಮನೆಯ ಹಿತ್ತಲಿಗೆ ಹಾಕಬೇಕು. ಹಾಕಿದರೆ ಅವನು ಮನೆ ಸೇರಿದ ಹಾಗೆ. ಹಾಕದಿದ್ದರೆ ಇನ್ನೂ ದಾರಿಯಲ್ಲೇ ಇದ್ದ ಹಾಗೆ. ಆ ಒಂದು ಹಿಡಿಗಾಗಿ ಜನ ನಾಲ್ಕು ವರ್ಷ, ಆರು ವರ್ಷ ಹುಡುಕಿಕೊಂಡು ಬರುತ್ತಿದ್ದರು.

ಮೊದಲು ಎಲ್ಲವೂ ಅವನ ತಲೆಯಲ್ಲಿತ್ತು. ಆಮೇಲೆ ಒಂದು ನೋಟ್‌ಬುಕ್ಕಿಗೆ ಬಂತು. ನೋಟ್‌ಬುಕ್ಕಿಗೆ ಗೆದ್ದಲು ಹತ್ತಿತು. ಆಗ ಒಬ್ಬ ಮೇಷ್ಟರು ಹಳೆಯ ಕಂಪ್ಯೂಟರಿಗೆ ಲಿನಕ್ಸು ಹಾಕಿಕೊಟ್ಟರು. ಗೆದ್ದಲು ಬಿಟ್ಟದ್ದನ್ನೂ ತಲೆಯಲ್ಲಿದ್ದದ್ದನ್ನೂ ಅವನು ಅದಕ್ಕೆ ತುಂಬಿದ. ಕಂಪ್ಯೂಟರು ನೆನಪಿಟ್ಟುಕೊಳ್ಳತೊಡಗಿತು. ಇವನು ನೆನಪಿಡುವುದನ್ನು ಬಿಟ್ಟ.

ಆದರೂ ಭಯ ಹೋಗಲಿಲ್ಲ. ಕಾಗದಕ್ಕೆ ಗೆದ್ದಲು ಇದ್ದ ಹಾಗೆ ಡಿಸ್ಕಿಗೂ ಏನಾದರೂ ಇದ್ದೀತು. ಎರಡು ಡಿಸ್ಕು ಇರಲಿ ಎಂದು ಅಂಗಡಿಗೆ ಹೋದ.

ಅಂಗಡಿಯವನು ಎರಡು ಕಾರ್ಡು ತೆಗೆದಿಟ್ಟ. ಒಂದು ಎರಡು ತಿಂಗಳ ಸಂಬಳ ನುಂಗುವಂಥದು. ಇನ್ನೊಂದು ಅಗ್ಗದ್ದು. ಅಗ್ಗದ್ದರಲ್ಲಿ ಡಿಸ್ಕಿಗೊಂದರಂತೆ ಎರಡು ಹಸಿರು ದೀಪ.

ಮೂಲೆಯಲ್ಲಿ ಒಬ್ಬ ಹೆಂಗಸು ರಿಪೇರಿ ಮಾಡುತ್ತ ಕೂತಿದ್ದಳು. ಅವಳು ತಲೆ ಎತ್ತದೆ ಹೇಳಿದಳು. "ಅಣ್ಣ, ನಿಮ್ಮದು ಲಿನಕ್ಸಲ್ವಾ? ಎರಡು ಕಡೆ ಬರೆಯೋದು ಅದಕ್ಕೇ ಬರ್ತದೆ. ಇದೆಲ್ಲ ಯಾಕೆ?"

"ಇವಳ ಬಾಯಿಗೆ ಬೀಗ ಹಾಕದಿದ್ರೆ ನಾನು ಅಂಗಡಿಗೆ ಹಾಕಬೇಕಾಗ್ತದೆ," ಎಂದ ಅಂಗಡಿಯವನು.

"ಆ ಕಾರ್ಡು ತನ್ನದೇ ಗುಟ್ಟಿನಲ್ಲಿ ಬರೀತದಣ್ಣ. ಅದು ಬರೆದದ್ದನ್ನ ಅದೇ ಓದಬೇಕು. ನಾಳೆ ಕಾರ್ಡೇ ಕೆಟ್ರೆ?"

"ಕೆಟ್ರೆ ನಾನಿಲ್ವಾ? ಇಪ್ಪತ್ತು ವರ್ಷದಿಂದ ಇದೇ ಗಲ್ಲಿಯಲ್ಲಿ ಕೂತಿದ್ದೀನಿ. ಹೋಗಿ ಯಜಮಾನ್ರೇ, ಹೆಣ ಹೂಳೋರು ನೀವು. ನಿಮಗೆ ಗೊತ್ತಿಲ್ಲದ ಸಾವಾ? ಮನೇಲಿ ಹಾಕಿ, ನೀವೇ ಪರೀಕ್ಷೆ ಮಾಡಿ."

ಅವನು ಅಗ್ಗದ್ದನ್ನು ಕೊಂಡ. ಪರೀಕ್ಷೆಯನ್ನೂ ಮಾಡಿದ. ಒಂದು ಡಿಸ್ಕು ಕಿತ್ತು ನೋಡಿದ. ಮುಖಗಳು ಬಂದವು. ಅದನ್ನು ಮರಳಿ ಹಾಕಿ, ಎರಡು ದಿನ ಬಿಟ್ಟು ಇನ್ನೊಂದನ್ನು ಕಿತ್ತ. ಆಗಲೂ ಬಂದವು. ಇದು ಸಾಯಬಹುದು, ಅದು ಸಾಯಬಹುದು ಎಂದು ಎರಡನ್ನೂ ಸಾಯಿಸಿ ನೋಡಿದ. ನಡುವೆ ಕೂತು ಎರಡಕ್ಕೂ ಬರೆಸುತ್ತಿದ್ದ ಕಾರ್ಡನ್ನು ಕಿತ್ತು ನೋಡಬೇಕೆಂದು ಹೊಳೆಯಲಿಲ್ಲ. ಅದು ಕಾಯುವಂಥದು. ಕಾಯುವವರೂ ಸಾಯುತ್ತಾರೆ ಎಂದು ಯಾರು ಅಂದುಕೊಳ್ಳುತ್ತಾರೆ, ಹೇಳಿ.

ಏಳು ವರ್ಷ ದೀಪ ಉರಿದವು. ದಿನಾ ಬೆಳಿಗ್ಗೆ ಅವನ್ನು ನೋಡಿ, ಕೈ ಮುಗಿದು, ಗುದ್ದಲಿ ಹೊತ್ತು ಹೋಗುತ್ತಿದ್ದ. ಎಂಟನೆಯ ವರ್ಷ ಒಂದು ಬೆಳಿಗ್ಗೆ ದೀಪ ಇರಲಿಲ್ಲ.

ಅಂಗಡಿಯಿದ್ದ ಜಾಗದಲ್ಲಿ ಮೊಬೈಲಿನ ಕವರು ಮಾರುತ್ತಿದ್ದರು. ಅಂಗಡಿಯವನು ತೀರಿಕೊಂಡು ಎರಡು ವರ್ಷವಾಗಿತ್ತು. ಆ ಕಾರ್ಡು ಮಾಡುವವರು ಮಾಡುವುದನ್ನೇ ನಿಲ್ಲಿಸಿದ್ದರು. ಮೂರು ದಿನ ತಿರುಗಿ ರಿಪೇರಿಯ ಹೆಂಗಸನ್ನು ಪತ್ತೆ ಮಾಡಿದ. ಅವಳು ಎರಡು ಡಿಸ್ಕನ್ನೂ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದಳು. ಎರಡೂ ಗಟ್ಟಿಯಾಗಿದ್ದವು. ಎರಡೂ ತಿರುಗುತ್ತಿದ್ದವು. ಒಂದು ಮುಖವೂ ಬರಲಿಲ್ಲ.

"ಎಲ್ಲಾ ಇದೆ ಅಣ್ಣ. ಎರಡೆರಡು ಸಲ ಇದೆ," ಎಂದಳು. "ಓದೋಕೆ ಬರ್ತಿದ್ದದ್ದು ಒಂದಕ್ಕೇ. ಅದು ಹೋಯ್ತು."

ನಾನು ಆವತ್ತೇ ಹೇಳಿರಲಿಲ್ವಾ ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಒಂದಿಷ್ಟು ಹಗುರಾಗುತ್ತಿತ್ತೋ ಏನೋ.

ಆ ವಾರವೇ ಒಬ್ಬ ತಾಯಿ ಬಂದಳು. ಮಗ ಕೂಲಿಗೆಂದು ಹೊರಟು ಐದು ವರ್ಷವಾಗಿತ್ತು. ಊರೂರಿನ ಠಾಣೆ ಹತ್ತಿ ಇಳಿದು, ಈ ಊರಿನ ಕಡತದಲ್ಲಿ ಅವನ ಮುಖ ಕಂಡಿದ್ದಳು. ತಲೆ ಬಾಚಿದ್ದರು ಎಂದು ಎರಡು ಸಲ ಹೇಳಿದಳು. ಕೈಯಲ್ಲಿ ಒಂದು ತೊಳೆದ ಬಟ್ಟೆಚೀಲ ಇತ್ತು.

"ಯಾವುದಪ್ಪ?" ಎಂದಳು.

ಎದುರಿಗೆ ಮುನ್ನೂರು ಚಿಲ್ಲರೆ ಕಲ್ಲು. ಅವನು ಒಂದೊಂದನ್ನೂ ನೋಡಿದ. ಎಲ್ಲ ಮುಖವನ್ನೂ ಒರೆಸಿದ ಕೈ ಅವನದು. ಒಂದೂ ನೆನಪಿಗೆ ಬರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಬೇವಿನ ನೆರಳು ಬಿದ್ದಿದ್ದ ಒಂದು ಕಲ್ಲನ್ನು ತೋರಿಸಿದ. ಮರುಕಪಟ್ಟೇ ತೋರಿಸಿದ.

ತಾಯಿ ಕುಕ್ಕರಗಾಲಿನಲ್ಲಿ ಕೂತಳು. ಹುಲ್ಲು ಸರಿಸಿ ನೆಲ ಸವರಿದಳು. ಒಂದು ಹಿಡಿ ಮಣ್ಣು ತೆಗೆದಳು. ಚೀಲದ ಬಾಯಿ ಬಿಚ್ಚಿ, ಹಾಕುವ ಮೊದಲು ತಡೆದಳು.

"ಎಡಗೈ ಕಿರುಬೆರಳು ಸೊಟ್ಟ ಇತ್ತಲ್ಲಪ್ಪ, ನೋಡಿದ್ದೆಯಾ?"

"ನೋಡಿದ್ದೆ ತಾಯಿ. ಸೊಟ್ಟ ಇತ್ತು."

"ನನ್ನ ಮಗನ ಬೆರಳೆಲ್ಲ ನೆಟ್ಟಗೇ ಇದ್ದವು," ಎಂದಳು.

ಬೈಯಲಿಲ್ಲ. ಹಿಡಿ ಬಿಚ್ಚಿದಳು. ಅಂಗೈಗೆ ಅಂಟಿದ್ದನ್ನೂ ಆ ಗುಂಡಿಯ ಮೇಲೇ ಕೊಡವಿದಳು. "ಇದು ಬೇರೆ ಯಾವಳದೋ ಪಾಲು," ಎಂದಳು. ಖಾಲಿ ಚೀಲ ಮಡಚಿಕೊಂಡು ಸ್ಟೇಷನ್ನಿನ ದಾರಿ ಹಿಡಿದಳು.

ಗುರುಗಳು ಕತೆ ನಿಲ್ಲಿಸಿದರು. ಹಾಲಪ್ಪ ಮೊದಲಿನಿಂದಲೂ ಒಂದು ಮಾತು ಬಿಡದೆ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದ.

"ಹಾಗಾದರೆ ಯಾವ ಕಾರ್ಡು ಬುದ್ಧಿ?"

"ಡಿಸ್ಕು ಸಿಕ್ಕಿಸಲು, ತಾನಾಗಿ ಏನೂ ಬರೆಯದ ಬರಿಯ ಕಾರ್ಡು ಸಾಕು, ಎಲ್ಲಕ್ಕಿಂತ ಅಗ್ಗದ್ದು. ಎರಡು ಕಡೆ ಬರೆಯುವುದನ್ನು ಲಿನಕ್ಸಿಗೇ ಬಿಡು. ಅದು ಬರೆದದ್ದನ್ನು ನಾಳೆ ಲಿನಕ್ಸಿರುವ ಯಾವ ಕಂಪ್ಯೂಟರಾದರೂ ಓದೀತು. ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿಡು."

ಹಾಲಪ್ಪ ಅದನ್ನೂ ಬರೆದುಕೊಂಡ. ಹಾಳೆಯನ್ನು ಎರಡು ಕೈಯಲ್ಲಿ ಮುಂದೆ ಚಾಚಿ, "ಸರಿಯಾಗಿ ಬರೆದಿದ್ದೇನೆಯೇ, ತಾವೊಮ್ಮೆ ನೋಡಬೇಕು ಬುದ್ಧಿ," ಎಂದ.

ಗುರುಗಳು ಹಾಳೆಯನ್ನು ಮುಟ್ಟಲಿಲ್ಲ.

"ಹನ್ನೊಂದು ವರ್ಷದಿಂದ ನಿನ್ನೊಳಗೆ ಬರೆದಿದ್ದೇನಲ್ಲ ಹಾಲಪ್ಪ, ನಾನು ಸತ್ತ ಮಾರನೆಯ ದಿನ ಅದನ್ನು ಓದಲು ನಿನಗೆ ಬರುತ್ತದೆಯೇ?"