ಸೌತೆ ಬಳ್ಳಿಯ ಮಡಿ

ನೀಲವ್ವ ತನ್ನ ಮೀನು ತೊಟ್ಟಿಯ ಕೊಳಕು ನೀರನ್ನು ಪಕ್ಕದ ಹಸಿರುಮನೆಯ ಸೌತೆ ಬಳ್ಳಿಗಳಿಗೆ ಹರಿಸುತ್ತಿದ್ದಳು. ಬೇರುಗಳ ನಡುವೆ ತಿಳಿಯಾದ ನೀರು ಮತ್ತೆ ತೊಟ್ಟಿಗೆ ಮರಳುತ್ತಿತ್ತು.

ಒಂದು ದಿನ ಎತ್ತರದ ಬಳ್ಳಿಯೊಂದು ತೊಟ್ಟಿಯ ಮುದಿ ಮೀನಿಗೆ ಹೇಳಿತು: “ಅಜ್ಜ, ನಿಮ್ಮ ಹೊಲಸನ್ನು ನಾವಿನ್ನು ಮುಟ್ಟುವುದಿಲ್ಲ. ನಮಗೆ ಬಾವಿಯ ನೀರೇ ಬೇಕು.” ಅದರ ಮಾತು ಕೇಳಿ ಬಳ್ಳಿಗಳೆಲ್ಲ ಬೇರು ಮುದುರಿಕೊಂಡವು.

ಹೋದ ನೀರು ಹೋದ ಹಾಗೆಯೇ ಮರಳಿ ಬಂತು. ನಾಲ್ಕನೆಯ ದಿನ ಮರಿಮೀನುಗಳು ಮೇಲೆ ಬಂದು ಉಸಿರಿಗಾಗಿ ಬಾಯಿ ಬಿಡತೊಡಗಿದವು. ಅತ್ತ ಬಳ್ಳಿಗಳ ಎಲೆ ಹಳದಿಯಾಯಿತು.

ಮುದಿ ಮೀನು ಹೇಳಿತು: “ಮಗಳೇ, ನಮಗೆ ವಿಷವಾದದ್ದೇ ನಿಮಗೆ ಅನ್ನ. ನೀವು ಉಣ್ಣದಿದ್ದರೆ ನಾವು ಸಾಯುತ್ತೇವೆ. ನಾವು ಸತ್ತರೆ ನಿಮಗೆ ಉಣಿಸುವವರಿಲ್ಲ.”

ಬಾಡಿದ್ದರೂ ಬಳ್ಳಿ ಬಿಗುಮಾನ ಬಿಡಲಿಲ್ಲ. “ಸರಿ, ನಿಮಗೆ ಉಪಕಾರವಾಗಲೆಂದು ಕುಡಿಯುತ್ತೇವೆ.”

“ಹಾಗೆಯೇ ಅಂದುಕೊಳ್ಳಿ,” ಎಂದಿತು ಮೀನು. “ಆದರೆ ಬೇಗ ಕುಡಿಯಿರಿ.”

ಬೇರುಗಳು ನೀರಿಗೆ ಚಾಚಿಕೊಂಡವು. ವಾರದೊಳಗೆ ಮರಿಗಳು ತೊಟ್ಟಿಯ ತಳದಲ್ಲಿ ಆಡುತ್ತಿದ್ದವು, ಬಳ್ಳಿಗಳು ಹೂ ಬಿಟ್ಟಿದ್ದವು. ಉಪಕಾರ ಯಾರದೆಂಬ ಮಾತನ್ನು ಎರಡು ಕಡೆಯವರೂ ಮತ್ತೆ ಎತ್ತಲಿಲ್ಲ.