ಬನವ್ವ ಎತ್ತಿದ ಸುತ್ತಿಗೆ

ಈಗಿನ ಮಾತಲ್ಲ ಇದು, ನನ್ನ ಅಜ್ಜಿಯ ಅಜ್ಜಿಯೂ ಹುಟ್ಟಿರಲಿಲ್ಲ. ಒಂದೂರಿನಲ್ಲಿ ಒಂದು ಕಂಚುಗಾರರ ಓಣಿ ಇತ್ತಂತೆ. ಬೇರೆ ಯಾವುದೂ ಅಲ್ಲ, ನಾವು ಕೂತಿರೋ ಈ ಓಣಿಯೇ. ಹೊತ್ತು ಹುಟ್ಟಿದರೆ ಸುತ್ತಿಗೆ ಸದ್ದು, ಹೊತ್ತು ಮುಳುಗಿದ ಮೇಲೇ ಬಿಡುವು. ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳಿಸದು. ಅದಕ್ಕೇ ಓಣಿಯವರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರಂತೆ. ನೀರು ಬೇಕು ಅನ್ನೋದಕ್ಕೆ ಒಂದು ಸನ್ನೆ, ಉಂಡೆಯಾ ಅನ್ನೋದಕ್ಕೆ ಒಂದು, ಅತ್ತೆ ಬಂದಳು ಸುಮ್ಮನಿರು ಅನ್ನೋದಕ್ಕೂ ಒಂದು. ಜಗಳವೂ ಕೈಯಲ್ಲೇ. ಹೊಡೆದಾಟ ಅಲ್ಲ ಮತ್ತೆ.

ಆ ಓಣಿಯ ಮಾನಪ್ಪನಿಗೆ ಬನವ್ವ ಅಂತ ಒಬ್ಬಳೇ ಮಗಳು. ಹುಟ್ಟಿನಿಂದ ಕಿವಿ ಕೇಳಿಸದು, ಬಾಯಲ್ಲಿ ಮಾತಿಲ್ಲ. ಆದರೆ ಅವಳಷ್ಟು ಮಾತುಗಾತಿ ಓಣಿಯಲ್ಲೇ ಇರಲಿಲ್ಲವಂತೆ. ಒಂದು ಕೈಯಲ್ಲಿ ಕುಲುಮೆಯ ತಿದಿ ಒತ್ತುತ್ತಾ ಇನ್ನೊಂದರಲ್ಲಿ ಊರ ಸುದ್ದಿಯೆಲ್ಲ ಹೇಳಿ ಮುಗಿಸುತ್ತಿದ್ದಳಂತೆ. ಅಪ್ಪನ ಹೆಸರು ಹೇಳಬೇಕಾದರೆ ಇಲ್ಲದ ಮೀಸೆ ತಿರುವುತ್ತಿದ್ದಳಂತೆ. ಅವಳಿಗೇನೋ ಕೊರತೆ ಇದೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಅವಳಿಗೂ ಅನ್ನಿಸಿರಲಿಲ್ಲ.

ವಯಸ್ಸಿಗೆ ಬಂದಳು. ಹೊಳೆಯಾಚೆಯ ಅಕ್ಕಸಾಲಿಗರ ಮನೆಯವರು ಹೆಣ್ಣು ಕೇಳಿಕೊಂಡು ಬಂದರಂತೆ. ಅನುಕೂಲಸ್ಥರು, ಮೆತ್ತಗಿನ ಕೆಲಸ, ಸದ್ದುಗದ್ದಲ ಇಲ್ಲದ ಮನೆ. ಬಾಯಿಲ್ಲದ ಸೊಸೆ ಬಂದರೆ ಒಳ್ಳೇದೇ, ಎದುರುತ್ತರ ಕೊಡೋದಿಲ್ಲ ಅಂತ ಗಂಡಿನ ತಾಯಿ ನಕ್ಕಳಂತೆ. ಮಾನಪ್ಪ ಹಿಗ್ಗಿ ಹೀರೇಕಾಯಿ ಆದನಂತೆ.

ಮದುವೆ ಮಾತು ಗಟ್ಟಿ ಮಾಡೋ ವೀಳ್ಯದ ದಿನ, ಬೀಗರಿಗೆ ಮರ್ಯಾದೆ ಕೊಡಬೇಕು ಅಂತ ಓಣಿಯವರೆಲ್ಲ ಸುತ್ತಿಗೆ ಕೆಳಗಿಟ್ಟರು. ಅಲ್ಲೇ ತಪ್ಪಿದ್ದು. ಸುತ್ತಿಗೆ ನಿಂತಿತು, ಕೈಗಳೂ ನಿಂತವು. ಎಲ್ಲರ ಕೈ ತೊಡೆ ಮೇಲೆ, ತುಟಿ ಮಾತ್ರ ಅಲ್ಲಾಡುತ್ತಿದೆ. ಬನವ್ವ ಅಪ್ಪನ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಯಾರೂ ಅವಳಿಗೆ ಏನೂ ಹೇಳಲಿಲ್ಲ. ಹುಟ್ಟಿದ ಓಣಿಯಲ್ಲೇ ಪರದೇಶಿ ಆದೆನಲ್ಲ ಅಂದುಕೊಂಡಳಂತೆ. ಆ ಮನೆಗೆ ಹೋದರೆ ಸಾಯೋತನಕ ಹೀಗೇ ಕೂತಿರಬೇಕು ಅಂತ ಆಗ ತಿಳಿಯಿತಂತೆ.

ವೀಳ್ಯದ ತಟ್ಟೆ ಕೈ ಬದಲಾಗೋದರೊಳಗೆ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಪ್ಪನ ದೊಡ್ಡ ಸುತ್ತಿಗೆ ಎತ್ತಿ, ಅರ್ಧ ಆಗಿದ್ದ ಹಂಡೆಯ ಮೇಲೆ ಹಾಕಿದಳು ನೋಡಿ ಏಟಿನ ಮೇಲೆ ಏಟು. ಬೀಗರು ಕಿವಿ ಮುಚ್ಚಿಕೊಂಡರು. ಮಾನಪ್ಪ ಕೂಗಾಡಿದ, ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಕೈ ಎತ್ತಿ, ಏನಾಯಿತೇ ನಿನಗೆ ಅಂತ ಕೇಳಿದನಂತೆ.

ಬನವ್ವ ಸುತ್ತಿಗೆಯನ್ನು ಅವ್ವನ ಕೈಗಿಟ್ಟು, ನೀನು ಬಡಿಯುತ್ತಿರು ಅಂದಳು. ಅವ್ವ ಬಡಿದಳು. ಎರಡು ಕೈಯೂ ಬಿಡುವಾದ ಮೇಲೆ ಬನವ್ವ ಕೇಳಿದಳಂತೆ: ನನ್ನ ವಿಷಯ ಮಾತಾಡ್ತಿದ್ದೀರಿ, ನನ್ನ ಹತ್ತಿರ ಯಾಕೆ ಮಾತಾಡಲಿಲ್ಲ? ಓಣಿಗೆ ಓಣಿಯೇ ತಲೆ ತಗ್ಗಿಸಿತಂತೆ. ಹೋಗ್ತೀಯಾ ಅಂತ ಮಾನಪ್ಪ ಆಗ ಕೈಯಲ್ಲಿ ಕೇಳಿದ. ಇಲ್ಲ ಅಂದಳು. ತಟ್ಟೆ ಅಲ್ಲೇ ಉಳಿಯಿತು, ಬೀಗರು ಎದ್ದು ಹೋದರು.

ಆ ಗಂಡು ಒಬ್ಬನೇ ವಾಪಸ್ಸು ಬಂದ, ಮಳೆಗಾಲವೆಲ್ಲ ಇಲ್ಲೇ ತಿದಿ ಒತ್ತಿ ಕೈಮಾತು ಕಲಿತ, ಆಮೇಲೆ ತಾನೇ ಕೈಯಲ್ಲಿ ಬನವ್ವನನ್ನು ಕೇಳಿದ ಅಂತ ಕೆಲವರು ಹೇಳುತ್ತಾರೆ. ಬರಲೇ ಇಲ್ಲ ಅನ್ನೋರೂ ಉಂಟು. ನನಗಂತೂ ಬಂದ ಅನ್ನೋದೇ ಇಷ್ಟ.

ಇವತ್ತಿಗೂ ನಮ್ಮಲ್ಲಿ ವೀಳ್ಯದ ದಿನ ಸುತ್ತಿಗೆ ನಿಲ್ಲಿಸೋದಿಲ್ಲ. ತಾಯಿ ಹಂಡೆ ಬಡೀತಾಳೆ, ಹೋಗ್ತೀಯಾ ಅಂತ ತಂದೆ ಕೈಯಲ್ಲಿ ಕೇಳ್ತಾನೆ. ಮಗಳು ಕೈಯಲ್ಲಿ ಉತ್ತರ ಕೊಡೋತನಕ ತಾಯಿ ನಿಲ್ಲಿಸೋ ಹಾಗಿಲ್ಲ. ನನ್ನ ವೀಳ್ಯಕ್ಕೆ ನಮ್ಮವ್ವನೂ ಬಡಿದಿದ್ದಳು. ನಾನು ಚೆನ್ನಾಗಿ ಯೋಚನೆ ಮಾಡಿಯೇ ಹೇಳಿದೆ, ಅಷ್ಟರಲ್ಲಿ ಅವಳ ರಟ್ಟೆ ಬಿದ್ದುಹೋಗಿತ್ತು.